ಬಾಗಿಲ ಹೊರಗಿನ ಟೊಮೆಟೊ

ಹೊಳೆಯ ದಂಡೆಗೆ ಒಂದು ಹೆಬ್ಬಂಡೆ. ಬಂಡೆಯ ನೆತ್ತಿಯ ಮೇಲೆ ಒಂದು ಆಶ್ರಮ. ಅಲ್ಲಿ ಮೋನಪ್ಪಜ್ಜ ಅಂತ ಗುರುಗಳು.

ಹೆಸರು ಮೋನಪ್ಪ ಆದರೂ ಮಾತು ಬಲ್ಲವರು. ಎಲ್ಲ ಮಾತನ್ನೂ ಬಾಯಿಂದಲೇ ಆಡುತ್ತಿರಲಿಲ್ಲ, ಅಷ್ಟೆ.

ಆ ಬಂಡೆಯ ಮೇಲೆ ಹುಡುಕಿದರೂ ಒಂದು ಹಿಡಿ ಮಣ್ಣು ಸಿಗುತ್ತಿರಲಿಲ್ಲ. ಅದಕ್ಕೇ ಅಲ್ಲೊಂದು ಪದ್ಧತಿ. ಶಿಷ್ಯರಾಗುತ್ತೀವಿ ಅಂತ ಬಂದವರು ಕೆಳಗಿನಿಂದ ಮಣ್ಣು ಹೊತ್ತು ತರಬೇಕು. ಕುಂಡದಲ್ಲೋ ಡಬ್ಬಿಯಲ್ಲೋ ತುಂಬಬೇಕು. ಹಿರಿಯ ಶಿಷ್ಯ ಯಾವ ಬೀಜ ಕೊಡುತ್ತಾನೋ ಅದನ್ನೇ ಬೆಳೆಸಬೇಕು. ಶಿವರಾತ್ರಿಯ ಮಾರನೇ ಬೆಳಿಗ್ಗೆ ಎಲ್ಲರೂ ಉಪವಾಸ ಬಿಡಲು ಎಲೆ ಹಾಕಿ ಕೂತಾಗ, ತಾವು ಬೆಳೆದದ್ದನ್ನು ತಂದು ಬಡಿಸಬೇಕು.

ಬಡಿಸಿದವರು ಉಳಿದರು. ಬರಿಗೈಲಿ ನಿಂತವರು ಬಂದ ದಾರಿ ಹಿಡಿದರು.

ದೀಪಾವಳಿ ಕಳೆದು ಚಳಿ ಸಣ್ಣಗೆ ಕಾಲಿಡುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂಡೆ ಹತ್ತಿ ಬಂದಳು. ಹೆಸರು ಹಾಲವ್ವ. ಕುರಿ ಕಾಯುವವರ ಮನೆಯವಳು. ಹೆಗಲ ಮೇಲೊಂದು ಕರಿ ಕಂಬಳಿ, ಕೈಯಲ್ಲಿ ಮತ್ತೇನೂ ಇಲ್ಲ.

ಬಾಗಿಲಲ್ಲಿ ಹಿರಿಯ ಶಿಷ್ಯ ಕೊಟ್ರಯ್ಯ ಮೂಗಿಗೆ ನಶ್ಯ ಏರಿಸುತ್ತಾ ನಿಂತಿದ್ದ.

“ಏನವ್ವಾ, ಪ್ರಸಾದಕ್ಕೆ ಬಂದೆಯಾ? ಇನ್ನೂ ಹೊತ್ತಾಗುತ್ತೆ, ಕೂತ್ಕೋ.”

“ಪ್ರಸಾದಕ್ಕಲ್ಲ. ಇರೋಕೆ ಬಂದೀನಿ.”

“ಹೆಂಗಸರು ಯಾರೂ ಇಲ್ಲಿ ಇದ್ದದ್ದಿಲ್ಲ.”

“ಇರಬಾರದು ಅಂತ ನಿಯಮ ಐತೇನ್ರೀ?”

ಕೊಟ್ರಯ್ಯನಿಗೆ ಆಶ್ರಮದ ನಿಯಮವೆಲ್ಲ ಬಾಯಿಪಾಠ. ಒಂದೊಂದನ್ನೂ ತಿರುವಿ ನೋಡಿದ. ಸಿಗಲಿಲ್ಲ.

“ಇಲ್ಲ. ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕೆ ಇಲ್ಲ.”

“ಈಗ ನಾನು ಕೇಳಿದೆ.”

ಒಳಗಿನಿಂದ ಅಜ್ಜನ ದನಿ ಬಂತು. “ಯಾಕವ್ವಾ ಬಂದೆ?”

“ಪ್ರಶ್ನೆ ಕೇಳೋಕೆ ಒಂದು ಜಾಗ ಬೇಕಿತ್ತು ಅಜ್ಜಾ. ಅಣ್ಣನ ಮನೇಲಿ ‘ಯಾಕೆ’ ಅಂದರೆ ಬಾಯಿಬಡುಕಿ ಅಂತಾರೆ. ‘ಹೆಂಗೆ’ ಅಂದರೆ ಗಂಡುಬೀರಿ ಅಂತಾರೆ. ವಾಪಸ್ಸು ಹೋದರೆ ಸಾಯೋವರೆಗೂ ಬಾಯಿ ಹೊಲ್ಕೊಂಡು ಇರಬೇಕು. ನಾನು ಹೋಗಲ್ಲ.”

“ಕೊಟ್ರಾ, ಬೀಜ ಕೊಡು.”

ಕೊಟ್ರಯ್ಯ ಬೀಜದ ಗಡಿಗೆಗೆ ಕೈ ಹಾಕಿದ. ಆ ಸಲ ಬಂದ ಬೇರೆಯವರಿಗೆ ಮೆಂತ್ಯ ಕೊಟ್ಟಿದ್ದ, ಅವರೆ ಕೊಟ್ಟಿದ್ದ. ಚೆಲ್ಲಿದರೆ ಸಾಕು, ಬರುವಂಥವು. ಈಗ ಗಡಿಗೆಯ ತಳಕ್ಕೆ ಕೈ ಇಳಿಸಿ ಒಂದು ಪುಟ್ಟ ಪೊಟ್ಟಣ ತೆಗೆದ.

“ಟೊಮೆಟೊ.”

ಸುತ್ತ ನಿಂತವರು ಮುಸಿಮುಸಿ ನಕ್ಕರು. ನಗದೆ ಏನು ಮಾಡುತ್ತಾರೆ? ಬೆಳಗಾದರೆ ಹೊಳೆಯಿಂದ ಏಳುವ ಮಂಜು, ಕೂತರೆ ಕೊರೆಯುವ ಬಂಡೆ. ಅಲ್ಲಿಯದು ಹಲ್ಲು ಕಟಕಟ ಅನ್ನುವ ಚಳಿ ಅಲ್ಲ, ನಿಜ. ಆದರೂ ಚಳಿಗಾಲದಲ್ಲಿ ಆ ಬಂಡೆಯ ಮೇಲೆ ಟೊಮೆಟೊ ಕೆಂಪಾದದ್ದನ್ನು ಯಾರೂ ಕಂಡಿರಲಿಲ್ಲ.

ಹಾಲವ್ವನಿಗೆ ನಗು ಕೇಳಿಸಿತು. ಅರ್ಥವೂ ಆಯಿತು. ಬೇರೆ ಬೀಜ ಕೊಡಿ ಅನ್ನಬಹುದಿತ್ತು.

ಅಂಗೈ ಮುಂದೆ ಚಾಚಿದಳು.

“ಪೂರ್ತಿ ಸುರೀರಿ. ಪೊಟ್ಟಣದಾಗೆ ಯಾಕೆ ಉಳಿಸ್ತೀರಿ?”

*

ಅಡುಗೆಮನೆಯ ಹಿಂದೆ ಖಾಲಿ ಎಣ್ಣೆ ಡಬ್ಬಿಗಳಿದ್ದವು. ತಗಡಿನವು, ಗಟ್ಟಿಮುಟ್ಟು. ಹಾಲವ್ವ ಐದಾರು ಆರಿಸಿ, ಬೂದಿ ಹಚ್ಚಿ ಉಜ್ಜಿ, ಥಳಥಳ ಹೊಳೆಯುವಂತೆ ಮಾಡಿದಳು. ಹೊಳೆಯ ಮೆಕ್ಕಲು ಮಣ್ಣು ಹೊತ್ತಳು. ದಂಡೆಯಲ್ಲಿ ಕುರಿ ಮಲಗಿದ್ದ ಜಾಗದಿಂದ ಹಿಕ್ಕೆ ಆಯ್ದು ತಂದು ಪುಡಿ ಮಾಡಿ ಕಲೆಸಿದಳು.

ಅಜ್ಜ ಬಂದರು. ಕೈಯಲ್ಲಿ ಒಂದು ಮೊಳೆ, ಒಂದು ಗುಂಡುಕಲ್ಲು.

ಒಂದು ಡಬ್ಬಿ ಬೋರಲು ಹಾಕಿದರು. ಟಣ್, ಟಣ್, ಟಣ್. ತಳದಲ್ಲಿ ತೂತು.

“ಅಯ್ಯೋ! ಒಳ್ಳೇ ಡಬ್ಬಿ ಅಜ್ಜಾ! ಒಂದು ಹನಿ ಸೋರ್ತಿರಲಿಲ್ಲ!”

“ಅದೇ ಅದರ ರೋಗ,” ಅಂದರು ಅಜ್ಜ. ಇನ್ನೊಂದು ಡಬ್ಬಿ ಎಳೆದುಕೊಂಡರು.

*

ಬೀಜ ಮೊಳೆತವು. ಎಳೇ ಸಸಿ, ನೂಲಿನಷ್ಟು ಸಣ್ಣ ಕಾಂಡ. ಬೆಳಗಿನ ಗಾಳಿಗೆ ಅವು ಅಲ್ಲಾಡುವುದು ನೋಡಿ ಹಾಲವ್ವ ಹೆಗಲ ಕಂಬಳಿ ತೆಗೆದು, ಡಬ್ಬಿಯ ಮಣ್ಣಿಗೇ ನಾಕು ಕೋಲು ನೆಟ್ಟು, ಗುಡಾರದ ಹಾಗೆ ಹೊದಿಸಿದಳು.

ಬೆಳಿಗ್ಗೆ ಕಂಬಳಿ. ಮಧ್ಯಾಹ್ನ ಕಂಬಳಿ. ಸಂಜೆಯೂ ಕಂಬಳಿ.

ಸಸಿಗಳು ಬೆಳೆದವು. ಬೆಳೆದವು ಅಂದರೆ ಏನು ಬೆಳವಣಿಗೆ! ಉದ್ದಕ್ಕೆ, ಬೆಳ್ಳಗೆ, ಕಾಯಿಲೆಯಿಂದ ಎದ್ದವರ ಕೊರಳಿನ ಹಾಗೆ.

ಒಂದು ದಿನ ಬಂದು ನೋಡುತ್ತಾಳೆ, ಕಂಬಳಿ ಇಲ್ಲ. ಅಜ್ಜ ಅದನ್ನು ಹೊದ್ದುಕೊಂಡು ಬಿಸಿಲಲ್ಲಿ ಕೂತಿದ್ದಾರೆ. ಹಣೆಯಿಂದ ಬೆವರು ಇಳಿಯುತ್ತಿದೆ.

“ಅಜ್ಜಾ, ಅದು ಗಿಡದ್ದು! ಕೊಡ್ರಿ.”

“ನನಗೆ ಚಳಿ.”

“ಬೆವರ್ತಾ ಇದ್ದೀರಲ್ಲ!”

“ಹೌದೇ? ನನ್ನ ಕಂಡರೆ ಪ್ರೀತಿ ಇರೋರು ಯಾರಾದರೂ ಇದ್ದಿದ್ದರೆ ಇಷ್ಟೊತ್ತಿಗೆ ತೆಗೀತಿದ್ದರು.”

ಹಾಲವ್ವ ಅಜ್ಜನ ಮೈಮೇಲಿಂದ ಕಂಬಳಿ ಎಳೆದುಕೊಂಡಳು. ಗಿಡದ ಕಡೆ ಹೋಗುತ್ತಿದ್ದವಳು ಅರ್ಧ ದಾರಿಯಲ್ಲಿ ನಿಂತಳು. ಕಂಬಳಿಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡಳು.

ಅವತ್ತಿನಿಂದ ಹೊತ್ತು ಮುಳುಗಿದ ಮೇಲೆ ಹೊದಿಸುವಳು. ಬಿಸಿಲು ಬಿದ್ದ ಕೂಡಲೇ ತೆಗೆಯುವಳು. ಸಸಿಗಳು ಗಾಳಿಗೆ ತೂರಾಡಿದವು, ಬಾಗಿದವು, ಮತ್ತೆ ಎದ್ದವು. ಕಾಂಡ ದಪ್ಪ ಆಯಿತು. ಎಲೆ ಕರಿಹಸಿರಿಗೆ ತಿರುಗಿತು. ಮುಟ್ಟಿದರೆ ಬೆರಳಿಗೆ ಆ ಘಮ ಹತ್ತುತ್ತಿತ್ತು.

ಕೊಟ್ರಯ್ಯ ಹಾದುಹೋಗುತ್ತಾ ಒಂದು ಸಲ ನಿಂತು ನೋಡಿದ. ನಶ್ಯ ಏರಿಸಿ ಹೋದ.

*

ಆಶ್ರಮದಲ್ಲಿ ಇನ್ನೊಂದು ನಿಯಮವಿತ್ತು. ಮೋನಪ್ಪಜ್ಜನ ಗುರುಗಳು ಮಾಡಿದ್ದು. ಹೊತ್ತು ಹುಟ್ಟುವ ಮೊದಲು ಹೊಳೆಗಿಳಿದು ಕೊಡ ತುಂಬಿ ತಂದು, ಪ್ರತಿ ಗಿಡಕ್ಕೂ ನೀರೆರೆಯಬೇಕು. ಆಮೇಲೆ ತಮ್ಮ ಸ್ನಾನ, ತಮ್ಮ ಪೂಜೆ. ಗಿಡದ ಬಾಯಾರಿಕೆ ತೀರುವ ಮುಂಚೆ ಯಾರೂ ತುಟಿಗೆ ನೀರು ಸೋಕಿಸುವ ಹಾಗಿಲ್ಲ.

ಎಷ್ಟು ಚೆಂದದ ನಿಯಮ ಅಂತ ಹಾಲವ್ವನಿಗೆ ಅನಿಸಿತ್ತು. ಎಲ್ಲರೂ ಒಂದು ಚೊಂಬು ಹಾಕಿದರೆ ಅವಳು ಎರಡು ಹಾಕುವಳು. ಹೆಂಗಸು ಅಂತ ಆಡಿಕೊಳ್ಳಬಾರದಲ್ಲ, ಅದಕ್ಕೆ ಮತ್ತೊಂದು.

ಚಳಿ ಏರುತ್ತಾ ಬಂತು. ಹೊಳೆಯ ನೀರು ಮುಟ್ಟಿದರೆ ಬೆರಳು ಮರಗಟ್ಟುವುದು. ಅವಳು ಬಿಡಲಿಲ್ಲ.

ಒಂದು ಬೆಳಿಗ್ಗೆ ಒಂದು ಗಿಡ ತಲೆ ಬಗ್ಗಿಸಿತ್ತು. ಬಾಯಾರಿದೆ ಅಂದುಕೊಂಡು ಇನ್ನೊಂದು ಚೊಂಬು ಸುರಿದಳು. ಮಾರನೇ ದಿನ ಅದರ ಬುಡ ಕರ್ರಗಾಗಿ ಮೆತ್ತಗೆ ಕೊಳೆತಿತ್ತು. ಅದರ ಪಕ್ಕದ್ದು ಹಳದಿಗೆ ತಿರುಗಿತ್ತು.

ಸತ್ತ ಗಿಡವನ್ನು ಅಂಗೈಲಿ ಹಿಡಿದು ಅಜ್ಜನ ಹತ್ತಿರ ಬಂದಳು. ಕಣ್ಣು ತುಂಬಿತ್ತು, ಸಿಟ್ಟೂ ತುಂಬಿತ್ತು.

“ಒಂದು ಹೊತ್ತು ತಪ್ಪಿಸಿಲ್ಲ ಅಜ್ಜಾ. ಎಲ್ಲರಿಗಿಂತ ಹೆಚ್ಚು ಹಾಕೀನಿ. ಯಾಕೆ ಸತ್ತವು? ನಾನು ಹೆಂಗಸು ಅಂತಲಾ?”

ಅಜ್ಜ ಎದ್ದರು. ಅವಳು ಆಗಷ್ಟೇ ತಂದಿಟ್ಟ ಕೊಡದಿಂದ ಒಂದು ಚೊಂಬು ನೀರು ಮೊಗೆದು ಅವಳ ಪಾದದ ಮೇಲೆ ಸುರಿದರು.

“ಹಾ!” ಹಾಲವ್ವ ಹಾರಿದಳು.

ಇನ್ನೊಂದು ಚೊಂಬು.

“ಅಜ್ಜಾ, ಜೀವ ಹೋಗ್ತದೆ!”

ಮತ್ತೊಂದು.

“ಸಾಕ್ರಿ! ಸಾಕು ಅಂದೆನಲ್ಲ!”

“ತಡಿಯವ್ವಾ,” ಅಂದರು ಅಜ್ಜ, ಚೊಂಬು ಮುಳುಗಿಸುತ್ತಾ. “ನನ್ನ ಭಕ್ತಿ ಇನ್ನೂ ಮುಗಿದಿಲ್ಲ.”

*

ಮಾರನೇ ಬೆಳಿಗ್ಗೆ ಎಲ್ಲರೂ ಕೊಡ ಎತ್ತಿಕೊಂಡು ಹೊಳೆಗಿಳಿದರು. ಹಾಲವ್ವ ಇಳಿಯಲಿಲ್ಲ. ಗಿಡಗಳ ಪಕ್ಕ ಕೂತಿದ್ದಳು.

ಕೊಟ್ರಯ್ಯ ಬಂದ. “ಏಳು. ನೀರಿನ ಹೊತ್ತು.”

“ನನ್ನ ಗಿಡಕ್ಕೆ ಈಗ ಬೇಡ. ಮಣ್ಣು ಇನ್ನೂ ಹಸಿ ಐತೆ, ಬೆರಳಿಟ್ಟು ನೋಡ್ರಿ. ಬಿಸಿಲೇರಲಿ, ಮಣ್ಣು ಒಣಗಲಿ, ಆಗ ಬೇಕಾದರೆ ಹಾಕ್ತೀನಿ. ಬಿಸಿಲಲ್ಲಿಟ್ಟ ನೀರು.”

“ಬೇಕೋ ಬೇಡವೋ ಅಂತ ಗಿಡವನ್ನು ಕೇಳೋದಲ್ಲ ತಂಗಿ. ನಿಯಮ.”

“ಗಿಡಕ್ಕಾಗಿ ಮಾಡಿದ ನಿಯಮ. ಗಿಡವನ್ನ ಬಿಟ್ಟು ಬೇರೆ ಯಾರನ್ನ ಕೇಳಲಿ?”

“ಹಿರಿಯ ಗುರುಗಳ ಮಾತು ಅದು! ನಾನು ಇಲ್ಲಿಗೆ ಬಂದಾಗಿನಿಂದ ಒಂದು ದಿನ ತಪ್ಪಿಸಿದವನಲ್ಲ. ಜ್ವರ ಬಂದಾಗ ತೆವಳಿಕೊಂಡು ಹೋಗಿ ಹಾಕೀನಿ.”

“ನೀವು ತೆವಳಿದ್ದಕ್ಕೆ ಗಿಡ ಹೆಚ್ಚು ಬೆಳೀತೇನ್ರೀ?”

ಕೊಟ್ರಯ್ಯನ ಮುಖ ಕೆಂಪಾಯಿತು. “ಬಾ ಅಜ್ಜನ ಹತ್ತಿರ.”

ಇಬ್ಬರೂ ಹೋಗಿ ನಿಂತರು. ಹಾಲವ್ವನಿಗೆ ಹೆದರಿಕೆ ಇರಲಿಲ್ಲ. ತಣ್ಣೀರು ಸುರಿದು ಕಲಿಸಿದವರು ಇವರೇ ತಾನೇ? ಕೈ ಬಿಡುತ್ತಾರೆಯೇ?

ಕೊಟ್ರಯ್ಯ ಎಲ್ಲ ಹೇಳಿದ. “ನಿಯಮ ಮುರಿದವರು ಬಾಗಿಲ ಹೊರಗೆ. ಹೊರಗೆ ಹಾಕಿದವರ ಜೊತೆ ಒಳಗಿನವರು ಮಾತಾಡುವಂತಿಲ್ಲ. ಇದೂ ಹಿರಿಯರು ಹೇಳಿದ್ದೇ ಅಜ್ಜಾ.”

ಅಜ್ಜ ಕೇಳಿದರು, “ಹಾಲವ್ವಾ, ನಾಳೆ ಬೆಳಿಗ್ಗೆ ನೀರು ಹಾಕ್ತೀಯಾ?”

“ಹಾಕಲ್ಲ.”

“ಹಾಗಾದರೆ ಹೊರಗೆ ನಡಿ.”

“ನೀವೂನಾ ಅಜ್ಜಾ?”

“ನಾನೂನೂ.”

ಹಾಲವ್ವನಿಗೆ ಅಣ್ಣನ ಮನೆಯ ಹೊಸ್ತಿಲು ಕಣ್ಣ ಮುಂದೆ ಬಂತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಸರಿ. ಗಿಡ ನನ್ನ ಜೊತೆ ಬರ್ತಾವೆ.”

“ಡಬ್ಬಿ ಆಶ್ರಮದ್ದು,” ಅಂದ ಕೊಟ್ರಯ್ಯ.

“ಬಿಡೋ,” ಅಂದರು ಅಜ್ಜ. “ಸೋರೋ ಡಬ್ಬಿ ನಮಗ್ಯಾಕೆ?”

*

ಒಂದೊಂದೇ ಡಬ್ಬಿ ಹೊತ್ತು ಬಾಗಿಲು ದಾಟಿಸಿದಳು. ಬದುಕಿ ಉಳಿದದ್ದು ಮೂರು ಗಿಡ. ಬಾಗಿಲಿಗೆ ಹತ್ತು ಮಾರು ದೂರದಲ್ಲಿ ಬಂಡೆಯ ಒಂದು ಮಗ್ಗುಲು ಗೋಡೆಯ ಹಾಗೆ ಎದ್ದು ನಿಂತಿತ್ತು. ಅಲ್ಲಿ ಕೆಳಗಿಟ್ಟಳು. ತಾನೂ ಕೂತಳು.

ಕೊಟ್ರಯ್ಯ ಬಾಗಿಲಲ್ಲಿ ನಿಂತ. ಮಾತಾಡುವಂತಿಲ್ಲ. ಸುಮ್ಮನಿರಲೂ ಆಗುವುದಿಲ್ಲ. ಕೊನೆಗೆ ಬಾಗಿಲ ಕಡೆ ಮುಖ ಮಾಡಿದ.

“ಏ ಬಾಗಿಲೇ, ಹೊರಗೆ ಅಂದರೆ ಊರಿಗೆ ಅಂತ ಅರ್ಥ. ಇಲ್ಲೇ ಠಿಕಾಣಿ ಹಾಕೋದಲ್ಲ.”

ಹಾಲವ್ವನೂ ಬಾಗಿಲಿಗೇ ಹೇಳಿದಳು. “ಬಾಗಿಲೇ, ಊರಿಗೆ ಅಂತ ಯಾರೂ ಅನ್ನಲಿಲ್ಲ. ಶಿವರಾತ್ರಿಗೆ ಹಣ್ಣು ತರಬೇಕು ಅಂತ ಐತೆ. ತರೋವರೆಗೂ ಏಳಲ್ಲ ಅಂತ ನಿನ್ನ ಹಿಂದೆ ನಿಂತವರಿಗೆ ಹೇಳು.”

ಚಳಿ ಹೊರಗೆ ಒಳಗೆ ಅಂತ ನೋಡುವುದಿಲ್ಲ. ಆದರೆ ಆ ಬಂಡೆಗೋಡೆ ಬಡಗಣ ಗಾಳಿ ತಡೆಯುತ್ತಿತ್ತು. ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಬೆನ್ನು ಆನಿಸಿದರೆ ಹಸುವಿನ ಮೈಯಷ್ಟು ಬೆಚ್ಚಗೆ ಇರುತ್ತಿತ್ತು. ಹಾಲವ್ವ ಡಬ್ಬಿಗಳನ್ನು ಅದಕ್ಕೆ ಒತ್ತಿಸಿಟ್ಟಳು. ಹೊತ್ತು ಮುಳುಗಿದರೆ ಅದೇ ಕಂಬಳಿಯಡಿ ಗಿಡಗಳೂ ಅವಳೂ.

ಹೊಟ್ಟೆಗೆ? ದಂಡೆಯಲ್ಲಿ ಕುರಿಯವರು ಕಂಡರೆ ಹಾಲು ಕೊಡುವರು. ಕಾಣದ ದಿನ ಬಂಡೆಯ ಮೇಲೆ ಒಂದು ರೊಟ್ಟಿ ಇರುವುದು, ಮೇಲೆ ಒಂದು ಚೂರು ಚಟ್ನಿ.

ಅಜ್ಜನೇ ಇಡುತ್ತಾರೆ ಅಂದುಕೊಂಡಿದ್ದಳು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡಿ ನೋಡಿದಳು. ಬಂದವನು ಕೊಟ್ರಯ್ಯ. ಅತ್ತಿತ್ತ ನೋಡಿ ರೊಟ್ಟಿ ಇಟ್ಟ.

“ಕೊಟ್ರಯ್ಯನೋರೇ!”

ಅವನು ಬೆಚ್ಚಿಬಿದ್ದ. ತಿರುಗಿ ಬಂಡೆಗೆ ಹೇಳಿದ, “ಮಾತಾಡಬಾರದು ಅಂತ ನಿಯಮ. ರೊಟ್ಟಿ ಕೊಡಬಾರದು ಅಂತ ಇಲ್ಲ.”

ಸರಸರ ನಡೆದುಬಿಟ್ಟ.

*

ಗಿಡ ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು. ಕೋಲು ನೆಟ್ಟು ಹರಕು ಬಟ್ಟೆಯಿಂದ ಸಡಿಲವಾಗಿ ಕಟ್ಟಿದಳು. ಹೂವು ಬಂತು. ಹಳದಿ ಹೂವು, ಗೊಂಚಲು ಗೊಂಚಲು. ಹಾಲವ್ವ ಒಬ್ಬಳೇ ಕೂತು ನಕ್ಕಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಹೂವು ಉದುರತೊಡಗಿದವು. ಕಾಯಿ ಕಟ್ಟದೆ, ತೊಟ್ಟು ಹಳದಿಯಾಗಿ, ಒಂದರ ಹಿಂದೆ ಒಂದು. ನೀರು ಹದವಾಗಿತ್ತು, ಬಿಸಿಲಿತ್ತು, ಗೊಬ್ಬರವಿತ್ತು. ಆದರೂ ಬೆಳಗಾದರೆ ಡಬ್ಬಿಯ ಸುತ್ತ ಹಳದಿ ಚೆಲ್ಲಿರುವುದು.

ಸಂಕ್ರಾಂತಿ ಬಾಗಿಲಿಗೆ ಬಂದಿತ್ತು. ಈಗ ಕಾಯಿ ಕಚ್ಚದಿದ್ದರೆ ಶಿವರಾತ್ರಿಗೆ ಹಣ್ಣಿಲ್ಲ. ಹಣ್ಣಿಲ್ಲದಿದ್ದರೆ ಅಣ್ಣನ ಮನೆ.

ಬಾಗಿಲ ಹತ್ತಿರ ಹೋಗಿ ಕೂಗಿದಳು. “ಅಜ್ಜಾ! ಹೂವು ನಿಲ್ತಿಲ್ಲ! ಏನು ಮಾಡಲಿ?”

ಒಳಗಿನಿಂದ ಸದ್ದಿಲ್ಲ.

“ಹೊರಗೆ ಹಾಕಿದ್ರಿ, ಬೈಯಲಿಲ್ಲ. ಮಾತು ಬಿಟ್ರಿ, ಬೈಯಲಿಲ್ಲ. ಇದೊಂದು ಹೇಳ್ರಿ! ಇಲ್ಲಾಂದ್ರೆ ಇಡೀ ದಿನ ಇಲ್ಲೇ ಒದರ್ತೀನಿ. ನನ್ನ ಬಾಯಿ ಹೆಂಗಸರ ಬಾಯಲ್ಲೇ ದೊಡ್ಡದು, ಗೊತ್ತಲ್ಲ!”

ಅಜ್ಜ ಬಾಗಿಲಿಗೆ ಬಂದರು. ಪಕ್ಕದಲ್ಲಿ ಕೊಟ್ರಯ್ಯ, ಅಜ್ಜ ಮಾತಾಡಿಬಿಟ್ಟಾರು ಅಂತ ಕಾವಲು. ಆಗಷ್ಟೇ ಒಂದು ಚಿಟಿಕೆ ನಶ್ಯ ಮೂಗಿಗೆ ಹಿಡಿದಿದ್ದ.

ಅಜ್ಜ ಬಾಯಿ ತೆರೆಯಲಿಲ್ಲ. ಕೈ ಎತ್ತಿ, ಕೊಟ್ರಯ್ಯನ ಮೂಗಿನ ತುದಿಗೆ ಬೆರಳಿಂದ ಟಪ್ಪನೆ ಒಂದು ಏಟು ಕೊಟ್ಟರು.

ಆಕ್ಷೀ!

ನಶ್ಯದ ಪುಡಿ ಬಿಸಿಲಲ್ಲಿ ಹೊಗೆಯ ಹಾಗೆ ಹಾರಿತು. ಅಜ್ಜ ತಿರುಗಿ ಒಳಗೆ ಹೋದರು.

“ನನ್ನ ಮೂಗೇನು ಮಾಡಿತ್ತು ಅಜ್ಜಾ?” ಕೊಟ್ರಯ್ಯ ಕಣ್ಣೊರೆಸಿಕೊಳ್ಳುತ್ತಾ ಹಿಂದೆ ಓಡಿದ.

ಹಾಲವ್ವನಿಗೆ ಮೈ ಉರಿಯಿತು. “ನನ್ನ ಪ್ರಾಣ ಹೋಗ್ತಿದ್ದರೆ ಇವರಿಗೆ ತಮಾಷೆ!”

ಬೈಯುತ್ತಾ ಬಂದು ಗಿಡದ ಮುಂದೆ ಕುಕ್ಕರಿಸಿದಳು. ಸಿಟ್ಟಿಗೆ ಕೈ ಸುಮ್ಮನಿರಬೇಕಲ್ಲ? ಒಂದು ಹೂಗೊಂಚಲ ತೊಟ್ಟಿಗೆ ಬೆರಳಿಂದ ಟಪ್ಪನೆ ಹೊಡೆದಳು, ಅಜ್ಜ ಹೊಡೆದ ಹಾಗೇ.

ಹೂವಿನೊಳಗಿಂದ ಹಳದಿ ಧೂಳು ಸಣ್ಣಗೆ ಉದುರಿ ಅವಳ ಉಗುರಿನ ಮೇಲೆ ಕೂತಿತು.

ಹಾಲವ್ವ ಉಗುರನ್ನು ನೋಡಿದಳು. ಸುತ್ತ ನೋಡಿದಳು. ಬೇಸಿಗೆಯಲ್ಲಿ ಗುಂಯ್ ಅನ್ನುವ ದುಂಬಿಗಳು ಒಂದೂ ಇಲ್ಲ. ಬಂಡೆಗೋಡೆ ಗಾಳಿಯನ್ನು ತಡೆದು ಚಳಿಯಿಂದ ಉಳಿಸಿತ್ತು, ನಿಜ. ಹೂವನ್ನು ಅಲ್ಲಾಡಿಸುವ ಗಾಳಿಯನ್ನೂ ತಡೆದಿತ್ತು.

ಮಾರನೇ ದಿನ ಎದ್ದ ಕೂಡಲೇ ಒಂದೊಂದು ಗೊಂಚಲಿಗೂ ಟಪ್ ಟಪ್ ಅನಿಸಿದಳು. ಇಬ್ಬನಿಗೆ ಹೂವು ಒದ್ದೆ. ಏನೂ ಉದುರಲಿಲ್ಲ. ಬಿಸಿಲು ನೆತ್ತಿಗೆ ಬಂದು ಇಬ್ಬನಿ ಆರಿದ ಮೇಲೆ ಮತ್ತೆ ಹೊಡೆದಳು. ಉದುರಿತು.

ಅಲ್ಲಿಂದ ಮುಂದೆ ದಿನಾ ನಡುಮಧ್ಯಾಹ್ನ ಅದೇ ಕೆಲಸ. ಟಪ್, ಟಪ್, ಟಪ್. ಬಾಗಿಲಿನಿಂದ ಇಣುಕಿದ ಶಿಷ್ಯರು ಹೇಳಿಕೊಂಡರು, “ಪಾಪ, ಚಳಿಗೆ ತಲೆ ಕೆಟ್ಟಿದೆ. ಹೂವಿಗೆ ಹೊಡೀತಾಳೆ.”

“ಹೌದ್ರೀ, ಕೆಟ್ಟಿದೆ!” ಹಾಲವ್ವ ಕೂಗಿದಳು. “ಹತ್ರ ಬರಬ್ಯಾಡ್ರಿ, ನಿಮಗೂ ಬೀಳ್ತಾವೆ!”

ಒಂದು ವಾರಕ್ಕೆ ಒಣಗಿದ ಹೂವಿನ ಬುಡದಲ್ಲಿ ಮೆಣಸಿನ ಕಾಳಿನಷ್ಟು ಹಸಿರು ಕಂಡಿತು.

*

ಚಳಿಯಲ್ಲಿ ಕಾಯಿ ಬೆಳೆಯುವುದು ನಿಧಾನ. ಗೋಲಿಯಷ್ಟಾಯಿತು. ನಿಂಬೆಯಷ್ಟಾಯಿತು. ಹಸಿರಾಗಿಯೇ ಇತ್ತು.

ಶಿವರಾತ್ರಿ ಹತ್ತಿರ ಬಂದಂತೆ ಹೊಳೆಯ ಮಂಜು ತೆಳುವಾಯಿತು. ಒಂದು ಕಾಯಿಯ ತುದಿ ಬೆಳ್ಳಗಾಯಿತು, ಆಮೇಲೆ ಕಿತ್ತಳೆ. ಅದನ್ನು ನೋಡಿ ಪಕ್ಕದ್ದು. ಹಬ್ಬದ ದಿನ ಹಾಲವ್ವನೂ ಉಪವಾಸವಿದ್ದಳು. ಒಳಗೆ ಜಾಗರಣೆಯ ಭಜನೆ. ಹೊರಗೆ ಅವಳು, ಮಂಗಗಳು ಕೈ ಹಾಕದ ಹಾಗೆ ಕೋಲು ಹಿಡಿದು.

ಬೆಳಕು ಹರಿಯಿತು. ಮೂರು ಗಿಡದಲ್ಲೂ ಕೆಂಪು.

ಒಂದೊಂದೇ ಕಿತ್ತು ಸೆರಗಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಒಳಗೆ ಅಂಗಳದಲ್ಲಿ ಎಲೆ ಹಾಕಿತ್ತು. ಎಲ್ಲರೂ ಸಾಲಾಗಿ ಕೂತಿದ್ದರು. ಮೆಂತ್ಯದವನು ಮೆಂತ್ಯ ಬಡಿಸಿದ್ದ, ಅವರೆಯವನು ಅವರೆ ಬಡಿಸಿದ್ದ. ಮೇಲಿನ ತುದಿಯಲ್ಲಿ ಅಜ್ಜ, ಮುಂದೆ ಬಾಳೆಎಲೆ.

ಕೊಟ್ರಯ್ಯ ಹೊಸ್ತಿಲ ಒಳಗೆ ಅಡ್ಡ ನಿಂತಿದ್ದ. ಸೆರಗಿನ ಕಡೆ ನೋಡಿದ. ಕಣ್ಣರಳಿತು. ಆದರೂ ಬಾಗಿಲ ಕಡೆಗೇ ತಿರುಗಿದ.

“ಬಾಗಿಲೇ, ಹೊರಗೆ ಬೆಳೆದ ಹಣ್ಣು ಒಳಗಿನ ಎಲೆಗೆ ಬರುವಂತಿಲ್ಲ.” ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. “ಏನು ಮಾಡ್ಲಿ? ನಿಯಮ ಹಂಗೈತೆ.”

“ಬೀಜ ಒಳಗಿನದು!” ಹಾಲವ್ವ ಅಂದಳು. “ನೀವೇ ಕೊಟ್ಟದ್ದು. ಇದೇ ಬಂಡೆ ಮೇಲೆ ಬೆಳೆದದ್ದು. ಮೂಗಿಗೆ ಏಟು ತಿಂದವರೂ ನೀವೇ. ಇದು ಹೊರಗಿನದು ಹೆಂಗಾಯ್ತು?”

ಎಲೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಆಗ ಅಜ್ಜ ಮಾತಾಡಿದರು. ಅವಳನ್ನು ಹೊರಗೆ ಹಾಕಿದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು. ಕೊಟ್ರಯ್ಯ ಕಿವಿ ಮುಚ್ಚಿಕೊಳ್ಳಲೋ ಬೇಡವೋ ಅಂತ ನಿಂತ.

“ಹಾಲವ್ವಾ, ಒಳಗೆ ಕರಕೊಂಡರೆ ಬರೋ ಚಳಿಗಾಲಕ್ಕೆ ಬೆಳಗಿನ ನೀರು ಹಾಕ್ತೀಯಾ?”

ಒಂದೇ ಒಂದು ‘ಹೂಂ’. ಅಷ್ಟು ಅಂದರೆ ಬಾಗಿಲು ತೆರೆಯುತ್ತದೆ. ಇನ್ನು ಆಯುಸ್ಸು ಇರುವವರೆಗೆ ಕೇಳಬೇಕಾದ್ದು ಕೇಳಬಹುದು. ಅಣ್ಣನ ಮನೆ ಇಲ್ಲ, ಹೊಲಿದ ಬಾಯಿ ಇಲ್ಲ.

ಕೊಟ್ರಯ್ಯ ಬಾಗಿಲನ್ನು ಮರೆತ. ಬಂಡೆಯನ್ನೂ ಮರೆತ. ನೇರ ಅವಳ ಮುಖ ನೋಡಿ ಪಿಸುಗುಟ್ಟಿದ, “ಹೂಂ ಅನ್ನು ತಂಗಿ. ಮುಂದಿನ ಚಳಿಗೆ ನೋಡಿಕೊಂಡರಾಯ್ತು. ಅನ್ನಬಾರದೇ?”

ಹಾಲವ್ವ ಸೆರಗನ್ನು ಬಿಗಿಯಾಗಿ ಹಿಡಿದಳು.

“ಹಾಕಲ್ಲ ಅಜ್ಜಾ. ಬೇಸಿಗೇಲಿ ಬೆಳಿಗ್ಗೆ, ಸಂಜೆ, ಎರಡೂ ಹೊತ್ತು ಹಾಕ್ತೀನಿ. ಚಳೀಲಿ ಹಾಕಲ್ಲ. ಸಾಯಿಸಿ ನೋಡೀನಿ ನಾನು. ಈ ಹಣ್ಣು ಎಲೆಗೆ ಹಾಕ್ಕೊಂಡ್ರೆ ಹಾಕ್ಕೊಳ್ರಿ. ಇಲ್ಲಾಂದ್ರೆ ಬೀಜ ತೆಗೆದು ಮತ್ತೆ ಇಲ್ಲೇ ಕೂತು ಬೆಳೀತೀನಿ. ಊರಿಗಂತೂ ಹೋಗಲ್ಲ.”

ಶಿಷ್ಯರೆಲ್ಲ ಅಜ್ಜನ ಕಡೆ ತಿರುಗಿದರು.

ಅಜ್ಜ ಮಂಡಿ ಮೇಲೆ ಕೈಯೂರಿ ಎದ್ದರು. ಅನ್ನ ಬಡಿಸಿದ್ದ ತಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಸಾಲು ದಾಟಿ, ಅಂಗಳ ದಾಟಿ, ಕೊಟ್ರಯ್ಯನನ್ನು ಸ್ವಲ್ಪ ಸರಿಸಿ, ಹೊಸ್ತಿಲು ದಾಟಿ ನಡೆದರು. ಬಂಡೆಗೋಡೆಯ ಬುಡಕ್ಕೆ ಹೋಗಿ, ಮೂರು ಡಬ್ಬಿಗಳ ಪಕ್ಕ ಎಲೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತರು.

ಹಾಲವ್ವ ಓಡಿಬಂದಳು. ಒಂದು ಹಣ್ಣು ಆರಿಸಿ ಎಲೆಗೆ ಹಾಕಿದಳು. ಅಜ್ಜ ಅದನ್ನು ಅನ್ನದ ಮೇಲೆ ಹಿಚುಕಿ, ಉಪ್ಪು ಉದುರಿಸಿ, ಕಲೆಸಿ, ತುತ್ತು ಬಾಯಿಗಿಟ್ಟರು. ಹುಳಿಗೆ ಒಂದು ಕಣ್ಣು ಮುಚ್ಚಿತು.

ಹೊಸ್ತಿಲ ಮೇಲೆ ಶಿಷ್ಯರೆಲ್ಲ ಗುಂಪು ಕಟ್ಟಿದ್ದರು. ಎಲ್ಲರಿಗಿಂತ ಮುಂದೆ ಕೊಟ್ರಯ್ಯ, ಒಂದು ಕಾಲು ಎತ್ತಿ, ಇಡಲೋ ಬೇಡವೋ ಅಂತ.

“ಅಜ್ಜಾ, ಅದು ಹೊರಗೆ...”

ಅಜ್ಜ ಇನ್ನೊಂದು ಹಣ್ಣಿಗೆ ಕೈಚಾಚುತ್ತಾ ತಲೆ ಎತ್ತಿದರು.

“ಕೊಟ್ರಾ, ಇಷ್ಟು ಹೊತ್ತಿನಿಂದ ಹೊರಗೆ ಯಾಕೋ ನಿಂತಿದ್ದೀಯಾ? ಎಲೆ ತಗೊಂಡು ಒಳಗೆ ಬಾ.”